ಮಲಗುವವನೊಬ್ಬ, ಹೊರಳುವವನೊಬ್ಬ

ಅಂದು ಬೆಳಿಗ್ಗೆ ಎದ್ದಾಗ ನನ್ನ ಮುಖ ಎಡಕ್ಕೆ ತಿರುಗಿತ್ತು. ಅದರಲ್ಲಿ ವಿಶೇಷವೇನಿಲ್ಲ, ಮುಖ ಎಂದ ಮೇಲೆ ಯಾವುದಾದರೂ ಒಂದು ಕಡೆಗೆ ತಿರುಗಿರಲೇಬೇಕು. ಆದರೆ ಹಾಸಿಗೆಯಿಂದ ಇಳಿದು ಬಾಗಿಲ ಕಡೆಗೆ ನಡೆದರೂ ಅದು ಕಿಟಕಿಯನ್ನೇ ನೋಡುತ್ತಿತ್ತು. ಕತ್ತು ಹಿಡಿದುಕೊಂಡಿತ್ತು. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡದ್ದು ನನ್ನ ಬಲಗಿವಿ ಮಾತ್ರ. ಕಚೇರಿಯಲ್ಲಿ ಬಲಗಡೆ ಕೂರುವ ಸಹೋದ್ಯೋಗಿ, ತಾನೇನು ತಪ್ಪು ಮಾಡಿದೆನೆಂದು ಮಧ್ಯಾಹ್ನದ ಹೊತ್ತಿಗೆ ಕೇಳಿಯೇಬಿಟ್ಟ. ಎಡಗಡೆಯವರು, ನಾನು ಬೆಳಗಿನಿಂದ ತಮ್ಮ ಕಂಪ್ಯೂಟರಿನ ಮೇಲೆ ಕಣ್ಣಿಟ್ಟಿದ್ದೇನೆಂದು ಪರದೆಯನ್ನು ಅತ್ತ ತಿರುಗಿಸಿಕೊಂಡರು.

ಸಂಜೆ ವೈದ್ಯರ ಬಳಿಗೆ ಹೋದೆವು. ಬಹುವಚನಕ್ಕೆ ಕಾರಣವಿದೆ: ರಸ್ತೆ ದಾಟುವಾಗ ಬಲಗಡೆ ನೋಡಲು ಹೆಂಡತಿ ಬೇಕಾಗಿದ್ದಳು.

“ಹೇಗೆ ಮಲಗುತ್ತೀರಿ?” ಎಂದರು ವೈದ್ಯರು.

ಉತ್ತರ ಹೊಳೆಯಲಿಲ್ಲ. ಮಲಗುವುದು ನಾನೇ ಹೌದು. ಆದರೆ ನಿದ್ದೆ ಬಂದ ಮೇಲೆ ನಡೆಯುವ ವಿದ್ಯಮಾನಗಳಿಗೆ ನಾನು ಪ್ರತ್ಯಕ್ಷ ಸಾಕ್ಷಿಯಲ್ಲ.

“ಬೋರಲು,” ಎಂದಳು ಹೆಂಡತಿ. “ಗೋಡೆಯ ಮೇಲಿನ ಹಲ್ಲಿ ಕೆಳಗೆ ಬಿದ್ದ ಹಾಗೆ.”

ವೈದ್ಯರು ತಲೆಯಾಡಿಸಿದರು. (ಎರಡೂ ಕಡೆಗೆ. ಅಸೂಯೆಯಾಯಿತು.) ಬೋರಲು ಮಲಗಿದವನು ಉಸಿರಾಡಬೇಕಾದರೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಲೇಬೇಕು, ಹಾಗೆ ತಿರುಚಿದ ಕತ್ತು ಗಂಟೆಗಟ್ಟಲೆ ತಿರುಚಿಕೊಂಡೇ ಇರುತ್ತದೆ. ಇತ್ತ ಹೊಟ್ಟೆಯ ಭಾರಕ್ಕೆ ನಡು ಹಾಸಿಗೆಯೊಳಗೆ ಕುಸಿದು, ಸೊಂಟದ ಬಳಿ ಬೆನ್ನುಮೂಳೆಯ ಬಾಗು ಇನ್ನಷ್ಟು ಹೆಚ್ಚುತ್ತದೆ. “ಎಚ್ಚರವಿದ್ದಾಗ ಹತ್ತು ನಿಮಿಷ ಕತ್ತನ್ನು ಹಾಗೆ ತಿರುಗಿಸಿಕೊಂಡು ಕೂರಬಲ್ಲಿರಾ?” ಎಂದು ಕೇಳಿದರು. ನಾನು ಬೆಳಗಿನಿಂದ ಹಾಗೆಯೇ ಕುಳಿತಿದ್ದೆನಾದ್ದರಿಂದ ಮರುಮಾತನಾಡಲಿಲ್ಲ.

ಅಂಗಾತ ಮಲಗಿ, ಇಲ್ಲವೇ ಮಗ್ಗುಲಾಗಿ ಮಲಗಿ ಎಂದು ಕಳುಹಿಸಿದರು.

ಮೊದಲು ಅಂಗಾತ. ಹೇಳಿದಂತೆಯೇ ತೆಳುವಾದ ದಿಂಬೊಂದನ್ನು ತಲೆಯಡಿಗೆ, ಸೊಂಟದ ಬಿಗಿ ಸಡಿಲವಾಗಲೆಂದು ಇನ್ನೊಂದನ್ನು ಮಂಡಿಗಳ ಕೆಳಗೆ ಇಟ್ಟುಕೊಂಡು, ಕೈಗಳನ್ನು ಎದೆಯ ಮೇಲೆ ಜೋಡಿಸಿ ಅಲುಗಾಡದೆ ಮಲಗಿದೆ. ನೀರು ಕುಡಿಯಲು ಎದ್ದ ಹೆಂಡತಿ ನನ್ನನ್ನು ನೋಡಿ ನಿಂತಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಮೂಗಿನ ಕೆಳಗೆ ಎರಡು ಬೆರಳುಗಳು ಬಂದವು. “ಇದ್ದೇನೆ,” ಎಂದೆ. ಅವಳು ಹೌಹಾರಿ ಲೋಟದ ನೀರನ್ನೆಲ್ಲ ನನ್ನ ಮೇಲೆಯೇ ಸುರಿದಳು.

ನಾನು ಬದುಕಿರುವ ಬಗ್ಗೆ ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಅಂಗಾತ ಮಲಗಿದಾಗ ನಾಲಿಗೆಯೂ ಅಂಗುಳಿನ ಹಿಂದಿನ ಮೆತ್ತನೆಯ ಭಾಗವೂ ತಮ್ಮ ಭಾರಕ್ಕೆ ಗಂಟಲಿನತ್ತ ಜಾರಿ ಉಸಿರಿನ ದಾರಿಯನ್ನು ಕಿರಿದು ಮಾಡುತ್ತವೆ. ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿಗೆ ಅವು ಅದುರುತ್ತವೆ. ಗೊರಕೆಯ ಶಾಸ್ತ್ರ ಇಷ್ಟೇ. ಹೆಂಡತಿ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ ಧ್ವನಿ ಮಾತ್ರ ಶಾಸ್ತ್ರವನ್ನು ಮೀರಿತ್ತು. ಯಾರೋ ಕಬ್ಬಿಣದ ಬೀರುವನ್ನು ಎಳೆಯುತ್ತಿದ್ದಾರೆ, ಸುಸ್ತಾಗಿ ನಿಲ್ಲುತ್ತಾರೆ, ಮತ್ತೆ ಎಳೆಯುತ್ತಾರೆ. ಆ ‘ಸುಸ್ತಾಗಿ ನಿಲ್ಲುವ’ ಭಾಗ ವೈದ್ಯರಿಗೆ ಹಿಡಿಸಲಿಲ್ಲ. ಗೊರಕೆಯ ನಡುವೆ ಉಸಿರು ಪದೇ ಪದೇ ನಿಂತು, ಹಗಲೆಲ್ಲ ತೂಕಡಿಕೆ ಬರುತ್ತಿದ್ದರೆ ಅದು ನಗುವ ವಿಷಯವಲ್ಲ ಎಂದು ನಿದ್ರೆಯ ಪರೀಕ್ಷೆ ಮಾಡಿಸಿದರು. ನನ್ನದು ಬರೀ ಗೊರಕೆ ಎಂದಾಯಿತು. ಅಂದರೆ, ಕಾಯಿಲೆ ನನಗಲ್ಲ, ಪಕ್ಕದಲ್ಲಿ ಮಲಗುವವರಿಗೆ.

ಅಂಗಾತದ ಪರವಾಗಿ ಒಂದು ಮಾತು ಹೇಳಲೇಬೇಕು: ಕೂಸುಗಳಿಗೆ ಅದೇ ಸರಿ. ಒಂದು ವರ್ಷ ತುಂಬುವವರೆಗೆ ಮಗುವನ್ನು ಅಂಗಾತವೇ ಮಲಗಿಸಿ ಎಂದು ಅಮೆರಿಕದಲ್ಲಿ 1994ರಲ್ಲಿ ದೊಡ್ಡ ಪ್ರಚಾರವೇ ನಡೆಯಿತು. ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅದರ ನಂತರ ಬಹಳ ಇಳಿಯಿತು. ಇದನ್ನು ಹೆಂಡತಿಯ ಮುಂದೆ ನನ್ನ ಸಮರ್ಥನೆಗಾಗಿ ಹೇಳಿದೆ. “ನಿಮಗೆ ನಲವತ್ತೇಳು,” ಎಂದಳು.

ಮೂರು ರಾತ್ರಿ ಸಹಿಸಿದ ಮೇಲೆ ಅವಳೇ ಒಂದು ಹಳೆಯ ಉಪಾಯ ಹುಡುಕಿದಳು. ಮಲಗುವಾಗ ತೊಡುವ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರಲ್ಲೊಂದು ಟೆನ್ನಿಸ್ ಚೆಂಡು ಇಡುವುದು. ಅಂಗಾತವಾದರೆ ಚುಚ್ಚುತ್ತದೆ, ಚುಚ್ಚಿದರೆ ಮಗ್ಗುಲಾಗುತ್ತಾನೆ ಎಂಬುದು ಸಿದ್ಧಾಂತ. ಮಗನ ಚೆಂಡು ಜಪ್ತಿಯಾಯಿತು. ಮಗ್ಗುಲ ಮುಳ್ಳು ಎಂದು ಕೇಳಿದ್ದೆ. ಬೆನ್ನಿಗೊಂದು ಚೆಂಡು ಹೊಸದು. ಅದು ತನ್ನ ಕೆಲಸವನ್ನು ಅಗತ್ಯಕ್ಕಿಂತ ನಿಷ್ಠೆಯಿಂದ ಮಾಡಿತು: ಬೆನ್ನಿನಿಂದ ಎಷ್ಟು ದೂರ ಓಡಲು ಸಾಧ್ಯವೋ ಅಷ್ಟು ದೂರ ಓಡಿ ನಾನು ಬೋರಲಾಗಿದ್ದೆ. ಬೆಳಿಗ್ಗೆ ಚೆಂಡು ಕೇಳಲು ಬಂದ ಮಗ ನನ್ನ ಗೂನನ್ನು ನೋಡಿ, ಏನೂ ಕೇಳದೆ ಹೊರಟುಹೋದ. ಕತ್ತು ಈ ಸಲ ಬಲಕ್ಕೆ ಹಿಡಿದಿತ್ತು. ಕಚೇರಿಯಲ್ಲಿ ಬಲಗಡೆಯವನೊಂದಿಗೆ ರಾಜಿಯಾಯಿತು.

ಉಳಿದದ್ದು ಮಗ್ಗುಲು. ಎಡವೋ ಬಲವೋ? ಹುಳಿತೇಗಿನ ಪ್ರಾಣಿ ನಾನು, ಆದ್ದರಿಂದ ಎಡ. ಹೊಟ್ಟೆಯ ಚೀಲ ದೇಹದ ಎಡಭಾಗಕ್ಕೆ ವಾಲಿಕೊಂಡಿದೆ. ಎಡಮಗ್ಗುಲಿಗೆ ಮಲಗಿದರೆ ಅದರೊಳಗಿನ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ಬಲಕ್ಕೆ ಹೊರಳಿದರೆ ಅದೇ ಆಮ್ಲ ಎದೆಯುರಿಯಾಗಿ ಮೇಲೇರಲು ದಾರಿ ಸುಗಮ. ಇದು ನಿಜವೆಂದು ನನ್ನ ಎದೆಯೇ ಒಪ್ಪಿಕೊಂಡಿತು. ಗೊರಕೆಯೂ ತಗ್ಗಿತು. ಎಲ್ಲ ಸರಿಯಾಗಿತ್ತು, ಕೈಯೊಂದನ್ನು ಬಿಟ್ಟು.

ಮಗ್ಗುಲಾಗಿ ಮಲಗಿದಾಗ ಕೆಳಗಿನ ಕೈ ಹೆಚ್ಚುವರಿ. ಮೇಲಿನದಕ್ಕೆ ಸೊಂಟವಿದೆ, ಹೊದಿಕೆಯಿದೆ, ಕೆರೆದುಕೊಳ್ಳುವ ಉದ್ಯೋಗವಿದೆ. ಕೆಳಗಿನದನ್ನು ಎಲ್ಲಿಡುವುದು? ಮೈಯಡಿಗೆ ಇಟ್ಟರೆ ಭುಜ ನೋಯುತ್ತದೆ. ಮುಂದಕ್ಕೆ ಚಾಚಿದರೆ ಹಾಸಿಗೆಯ ಗಡಿ. ಹಿಂದಕ್ಕೆ ಬಿಟ್ಟರೆ ಪೊಲೀಸರು ಹಿಡಿದಂತೆ. ಕೊನೆಗೆ ದಿಂಬಿನಡಿಗೆ ತೂರಿಸಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಹಾಸಿಗೆಯಲ್ಲಿ ಯಾರದೋ ಕೈ ಇತ್ತು. ತಣ್ಣಗೆ, ಭಾರವಾಗಿ, ನನಗೆ ಸಂಬಂಧವೇ ಇಲ್ಲದಂತೆ. ಬಲಗೈಯಿಂದ ಅದನ್ನು ಎತ್ತಿ ಹಿಡಿದೆ. ಅದು ನನ್ನದೇ ಎಂದು ಹೊಳೆದ ಆಶ್ಚರ್ಯಕ್ಕೆ ಹಿಡಿತ ಸಡಿಲವಾಯಿತು. ಅದು ನನ್ನ ಮೂಗಿನ ಮೇಲೆ ಬಿತ್ತು. ನನ್ನ ಕೈಯಿಂದಲೇ ನನಗೆ ಬಿದ್ದ ಪೆಟ್ಟಿಗೆ ಯಾರ ಮೇಲೆ ದೂರು ಕೊಡುವುದು? ನರದ ಮೇಲೆ ತಲೆಯ ಭಾರ ಬಿದ್ದು ಜೋಮು ಹಿಡಿದಿತ್ತು. ಜೋಮು ಬಿಡುವಾಗ ಇರುವೆಗಳ ಮೆರವಣಿಗೆಯೊಂದು ಭುಜದಿಂದ ಬೆರಳಿನವರೆಗೆ ಸಾಗಿತು.

ದಿಂಬು ಸರಿಯಿಲ್ಲ ಎಂದು ತೀರ್ಮಾನಿಸಿದೆ. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ಅಂಚಿಗೂ ನಡುವಿನ ಸಂದು ತುಂಬುವಷ್ಟು ದಪ್ಪ ದಿಂಬು ಬೇಕು. ತೆಳುವಾದರೆ ತಲೆ ಕೆಳಗೆ ಜೋಲುತ್ತದೆ, ಹೆಚ್ಚಾದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಸ್ಕೇಲು ಹಿಡಿದು ಅಳೆದೆ. 14 ಸೆಂಟಿಮೀಟರ್. ದಿಂಬನ್ನೂ ಅಳೆದೆ. ಅದೂ 14. ತಲೆಯಿಟ್ಟ ಕೂಡಲೇ 6 ಆಯಿತು. ಶರಶಯ್ಯೆಯ ಮೇಲಿದ್ದ ಭೀಷ್ಮರು ರಾಜರು ತಂದ ಮೆತ್ತನೆಯ ದಿಂಬುಗಳನ್ನೆಲ್ಲ ಬೇಡವೆಂದು ಅರ್ಜುನನಿಂದ ಬಾಣಗಳ ದಿಂಬು ಮಾಡಿಸಿಕೊಂಡದ್ದು ಏಕೆಂದು ನನಗೆ ಅಂದು ಅರ್ಥವಾಯಿತು. ಬಾಣ ಕುಸಿಯುವುದಿಲ್ಲ.

ಮೇಲಿನ ಕಾಲು ಮುಂದಕ್ಕೆ ಜಾರಿ ಸೊಂಟವನ್ನು ತಿರುಚದಂತೆ ಮಂಡಿಗಳ ನಡುವೆ ಒಂದು ದಿಂಬು, ಅಪ್ಪಿಕೊಳ್ಳಲು ಒಂದು, ತಲೆಗೆ ಎರಡು. ಹಾಸಿಗೆಯಲ್ಲಿ ಬಹುಮತ ಹತ್ತಿಗೇ ಬಂದಿತು. ಹೆಂಡತಿ ಅಂಚಿನಲ್ಲಿ ಮುದುರಿಕೊಂಡು, ಯಾವ ಅಳತೆಯೂ ಇಲ್ಲದೆ ಎರಡು ನಿಮಿಷದಲ್ಲಿ ನಿದ್ದೆಹೋದಳು. ಇಷ್ಟಾದರೂ ವಾರದಲ್ಲಿ ಮೂರು ದಿನ ನಾನು ಏಳುತ್ತಿದ್ದುದು ಬೋರಲಾಗಿಯೇ, ಕತ್ತು ಹಿಡಿದುಕೊಂಡೇ.

ನಿದ್ದೆಯಲ್ಲಿ ಯಾರೂ ಒಂದೇ ಭಂಗಿಯಲ್ಲಿರುವುದಿಲ್ಲ. ರಾತ್ರಿಯಲ್ಲಿ ಹತ್ತಾರು ಸಲ ಹೊರಳುತ್ತೇವೆ. ಹೊರಳದಿದ್ದರೆ ಒಂದೇ ಕಡೆ ಒತ್ತಡ ಬಿದ್ದು ಮೈಗೇ ತೊಂದರೆ. ಇದು ಗೊತ್ತಿತ್ತು. ಆದರೆ ಪ್ರತಿ ಸಲವೂ ಬೋರಲಿನಲ್ಲೇ ಏಕೆ ಮುಗಿಯಬೇಕು? ಮಂದದೀಪ ಹಚ್ಚಿ, ಕಪಾಟಿನ ಮೇಲೆ ಮೊಬೈಲ್ ನಿಲ್ಲಿಸಿ, ರಾತ್ರಿಯಿಡೀ ಚಿತ್ರೀಕರಿಸಿದೆ.

ಮರುದಿನ ವೇಗವಾಗಿ ಓಡಿಸಿ ನೋಡಿದೆ. 11.40ಕ್ಕೆ ಮಂಡಿಯ ದಿಂಬು ನೆಲ ಸೇರಿತು. 12.55ಕ್ಕೆ ಅಪ್ಪುಗೆಯ ದಿಂಬನ್ನು ಒದ್ದೆ. 1.30ರ ಸುಮಾರಿಗೆ ಅಂಗಾತನಾಗಿ ಬೀರು ಎಳೆಯತೊಡಗಿದೆ. 1.34ಕ್ಕೆ ಅಂಚಿನ ಮುದ್ದೆಯಿಂದ ಒಂದು ಕೈ ಹೊರಬಂದಿತು. ಕಣ್ಣು ಕೂಡ ತೆರೆಯದೆ, ಬಹಳ ಕಾಲದ ರೂಢಿಯಿಂದ, ಅದು ನನ್ನ ಭುಜದಡಿಗೆ ನುಗ್ಗಿ ಒಮ್ಮೆ ಮೀಟಿತು. ನಾನು ಮರದ ದಿಮ್ಮಿಯಂತೆ ಉರುಳಿ ಬೋರಲಾದೆ. ಗೊರಕೆ ನಿಂತಿತು. ಕೈ ಒಳಗೆ ಹೋಯಿತು.

ಚಿತ್ರವನ್ನು ಅವಳ ಮುಂದೆ ಹಿಡಿದೆ.

“ಮಗ್ಗುಲಿಗೆ ಎಂದೇ ತಳ್ಳುವುದು. ನೀವೇ ಪೂರ್ತಿ ಹೋಗಿಬಿಡುತ್ತೀರಿ,” ಎಂದಳು.

“ಎಷ್ಟು ದಿನದಿಂದ ನಡೆದಿದೆ ಇದು?”

“ಮದುವೆಯಾದ ವಾರದಿಂದ.”

“ವೈದ್ಯರ ಮುಂದೆ ಹಲ್ಲಿ ಎಂದೆಯಲ್ಲ!”

“ಹೇಗೆ ಮಲಗುತ್ತೀರಿ ಎಂದು ಕೇಳಿದರು. ಯಾರು ಮಲಗಿಸುತ್ತಾರೆ ಎಂದು ಕೇಳಲಿಲ್ಲವಲ್ಲ ರೀ.”

ಮಾತುಕತೆ ನಡೆದು ಒಪ್ಪಂದವಾಯಿತು. ನಾನು ಎದೆಯ ಮುಂದೆ ಉದ್ದದ ಗಟ್ಟಿ ದಿಂಬೊಂದನ್ನು ತಡೆಯಾಗಿ ಇಟ್ಟುಕೊಳ್ಳಬೇಕು. ಅವಳು ಅರ್ಧ ಮಾತ್ರ ತಳ್ಳಬೇಕು. ದಿಂಬು ತಪ್ಪಿದರೆ ಬನಿಯನ್ ಹಿಡಿದು ನಿಲ್ಲಿಸಬೇಕು.

ಮೊನ್ನೆ ಬೆಳಿಗ್ಗೆ ಎದ್ದಾಗ ನಾನು ಎಡಮಗ್ಗುಲಿನಲ್ಲಿದ್ದೆ. ಕತ್ತನ್ನು ಎಡಕ್ಕೆ ತಿರುಗಿಸಿದೆ, ತಿರುಗಿತು. ಬಲಕ್ಕೆ ತಿರುಗಿಸಿದೆ, ಅದೂ ತಿರುಗಿತು. ಅಲ್ಲಿ ಹೆಂಡತಿ ಗೋಡೆಗೆ ಒರಗಿ ಕುಳಿತು ತನ್ನ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದಳು.

“ನಿಮ್ಮನ್ನು ತಳ್ಳುವುದು ಸುಲಭವಾಗಿತ್ತು,” ಎಂದಳು. “ಹಿಡಿದು ನಿಲ್ಲಿಸುವುದಿದೆಯಲ್ಲ... ಆ ವೈದ್ಯರು ಸಂಜೆ ಎಷ್ಟು ಹೊತ್ತಿಗೆ ಬರುತ್ತಾರೆ?”