ಬೆಳೆದಿಲ್ಲ ಮಾಣಿ

ನಿನ್ನೆ ಸಂಜೆಯೂ ಕೆಳಮನೆ ಮಾವ ಬಂದರು. ಕೊಡೆ ಮಡಚಿದರು. ಅದರ ಬಗ್ಗಿದ ಹಿಡಿಯಿಂದ ನನ್ನ ಟ್ರೈಲರಿನ ಹೊಟ್ಟೆಗೆ ಮೂರು ಸಲ ಬಡಿದರು. ಕಿವಿ ಕೊಟ್ಟು ಕೇಳಿದರು. ಒಂದು ಮಾತು ಹೇಳಿದರು, ಕೊಡೆ ಬಿಚ್ಚಿದರು, ಹೋದರು. ಆ ಮಾತಿಗೆ ನನಗೆ ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಎಂತ ಮಾತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಸಿಟ್ಟು ಸ್ವಲ್ಪ ಇಳಿಯಲಿ.

ಹಲಸಿನಕಾಯಿ ಬೆಳೆದಿದೆಯಾ ಅಂತ ನೋಡುವುದು ಹೇಗೆ ಅಂತ ನಮ್ಮ ಕಾಸರಗೋಡಿನ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕತ್ತಿಯ ಹಿಂಬದಿಯಿಂದ ಎರಡು ಬಡಿಯುವುದು. ಗಟ್ಟಿಯಾಗಿ ಟಕ್ ಟಕ್ ಅಂದರೆ ಎಳತು. ಮಂದವಾಗಿ ಡಬ್ ಡಬ್ ಅಂದರೆ ಬೆಳೆದಿದೆ. ಮಾವನ ಕಿವಿಗೆ ಈ ವಿಷಯದಲ್ಲಿ ಬದಿಯಡ್ಕದಿಂದ ಪೆರ್ಲದ ತನಕ ಹೆಸರು ಉಂಟು. ಹಪ್ಪಳಕ್ಕೆ ಯಾವುದು, ಉಪ್ಪಿನಲ್ಲಿ ಹಾಕಲಿಕ್ಕೆ ಯಾವುದು, ಹಣ್ಣಿಗೆ ಬಿಡಬೇಕಾದದ್ದು ಯಾವುದು, ಎಲ್ಲ ಮರದ ಬುಡದಲ್ಲಿ ನಿಂತೇ ಹೇಳುತ್ತಾರೆ. ಅದು ಸರಿ. ಆದರೆ ಅದೇ ಕಿವಿಯನ್ನು 12 ಮಿಲಿಮೀಟರಿನ ಮರೈನ್ ಪ್ಲೈವುಡ್ಡಿಗೆ ಕೊಟ್ಟರೆ ಹೇಗೆ? ಒಂದೂಮುಕ್ಕಾಲು ವರ್ಷದಿಂದ ತೀರ್ಪು ಒಂದೇ. "ಬೆಳೆದಿಲ್ಲ ಮಾಣಿ."

ನನಗೆ ಈಗ 46 ವರ್ಷ. ಮಾಣಿಯಂತೆ, ಅಂದರೆ ಹುಡುಗನಂತೆ.

ಈ ವಸ್ತು ಎಂತದು ಅಂತ ಹೇಳಿಬಿಡುತ್ತೇನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮಲಗುವ ಕೋಣೆ. ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಪ್ಲೈವುಡ್ ಹಲಗೆ 8 ಅಡಿಗೆ 4 ಅಡಿ ಬರುತ್ತದಲ್ಲ, ಅದನ್ನೇ ನೋಡಿಕೊಂಡು ಹಾಕಿದ ಲೆಕ್ಕ. ಮುಂದೆ ದುಂಡಗೆ, ಹಿಂದೆ ಸಪೂರ. ಬದಿಯಿಂದ ನೋಡಿದರೆ ಅಡ್ಡ ಬಿದ್ದ ನೀರಿನ ಹನಿ. ಒಳಗೆ ಇಬ್ಬರು ಮಲಗಬಹುದು, ಎದ್ದು ನಿಲ್ಲುವ ಹಾಗಿಲ್ಲ. ಹಿಂದಿನ ಮುಚ್ಚಳ ಎತ್ತಿದರೆ ಅಲ್ಲೇ ಅಡುಗೆಮನೆ. ಅಮೆರಿಕದಲ್ಲಿ 1930ರ ದಶಕದಲ್ಲೇ ಜನ ಇಂಥದ್ದನ್ನು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯಲ್ಲಿ ಮಿಕ್ಕಿದ ಅಲ್ಯೂಮಿನಿಯಂ ತಗಡು, ಜೀಪಿನ ಚಕ್ರ ಹಾಕಿ ಮಾಡಿದವರೂ ಇದ್ದರು. ನನಗೆ ಯುದ್ಧದ ಮಾಲು ಸಿಗಲಿಲ್ಲ. ಗುಜರಿಯಲ್ಲಿ ಹಳೇ ಮಾರುತಿ 800ರ ಹಿಂದಿನ ಆಕ್ಸಲ್ ಸಿಕ್ಕಿತು.

ಇದಕ್ಕೆ ಇಂಗ್ಲಿಷಿನಲ್ಲಿ ಟಿಯರ್‌ಡ್ರಾಪ್ ಅನ್ನುತ್ತಾರೆ. ಕಣ್ಣೀರ ಹನಿ. ಅರ್ಥ ಕೇಳಿದ ಅಮ್ಮ, "ಹೆಸರಿಡುವಾಗಲೇ ಕಣ್ಣೀರು ಅಂತ ಇಟ್ಟರೆ ಮತ್ತೆ ಎಂತ ಆಗುವುದು?" ಅಂದರು. ವೆಲ್ಡಿಂಗಿನವನಿಗೆ ನನ್ನ ಹರಕು ಮಲಯಾಳದಲ್ಲಿ ವಿವರಿಸಿದೆ. ಆಚಾರಿಗೆ ತುಳುವಿನಲ್ಲಿ ಹೇಳಿದೆ. ಸಪ್ತಭಾಷೆಯ ಊರು ಅಂತ ಕಾಸರಗೋಡಿನವರು ಭಾಷಣದಲ್ಲಿ ಎದೆ ಉಬ್ಬಿಸಿ ಹೇಳುವುದುಂಟು, ಏಳು ಭಾಷೆಯಲ್ಲೂ ಇದಕ್ಕೊಂದು ಶಬ್ದ ಇರಲಿಲ್ಲ. ಕೊನೆಗೆ ವೆಲ್ಡಿಂಗಿನವ "ಕೂಡು" ಅಂದ. ಆಚಾರಿ "ಗೂಡು" ಅಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸಿದರು. ಆವತ್ತಿನಿಂದ ಊರಿಗೆಲ್ಲ ಅದು ಗೂಡು. "ಗೂಡಿನ ಕೆಲಸ ಎಲ್ಲಿಗೆ ಬಂತು?" ಅಂತ ಸೊಸೈಟಿಯಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಸಾವಿನ ಮನೆಗೆ ಮಾತಾಡಿಸಲಿಕ್ಕೆ ಹೋದಾಗಲೂ ಒಬ್ಬರು ಮೆಲ್ಲಗೆ ಕೇಳಿದರು.

ಶುರು ಮಾಡಿದ್ದು ಒಂದು ದೀಪಾವಳಿಯ ಸಮಯ. ತಲಪಾಡಿಯಿಂದ ಚೆಂಗಳದ ತನಕ ಹೆದ್ದಾರಿ ಅಗಲ ಮಾಡುವ ಕೆಲಸ ಆಗ ಜೋರು ನಡೆಯುತ್ತಿತ್ತು. ಅವರಿಗಿಂತ ಮೊದಲು ನಾನು ಮುಗಿಸುತ್ತೇನೆ ಅಂತ ಪಂಥ ಕಟ್ಟಿದ್ದೆ. ಅವರು ಗುಡ್ಡ ಕಡಿದು, ಸೇತುವೆ ಕಟ್ಟಿ, ಆರು ಸಾಲಿನ ರಸ್ತೆ ಹಾಸಿ ಬಹಳ ಮುಂದೆ ಹೋದರು. ನಾನಿನ್ನೂ ಬಾಗಿಲಿನ ಬಿಜಾಗರಿಯ ಹತ್ತಿರವೇ ಇದ್ದೇನೆ.

ಮೊದಲಿನ ಎರಡು ತಿಂಗಳು ಉಮೇದು ಎಷ್ಟಿತ್ತು ಅಂದರೆ ಊಟಕ್ಕೆ ಕರೆದರೂ ಹೋಗುತ್ತಿರಲಿಲ್ಲ. ಚಾಸಿ ಆಯಿತು, ಚಕ್ರ ಕೂತಿತು, ಎರಡು ಬದಿಯ ಗೋಡೆ ಎದ್ದು ನಿಂತಿತು. ದೂರದಿಂದ ನೋಡಿದರೆ ಮುಗಿದೇ ಹೋಯಿತು ಅನ್ನಿಸುತ್ತಿತ್ತು. ಅದೇ ಮೋಸ ನೋಡಿ. ಆಮೇಲಿನ ಕೆಲಸ ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಇಡೀ ಭಾನುವಾರ ಮರಳು ಕಾಗದ ಉಜ್ಜಿದರೂ ಸಂಜೆಗೆ ಅದು ಬೆಳಿಗ್ಗೆ ಇದ್ದ ಹಾಗೆಯೇ. ಮಾಡು, ಅಂದರೆ ಚಾವಣಿ, ಬಗ್ಗಿಸಲಿಕ್ಕೆ ತಂದ ಮೊದಲನೇ ಆರು ಮಿಲಿಮೀಟರಿನ ಹಲಗೆ ಲಟ್ ಅಂತ ಎರಡಾಯಿತು. ಎರಡನೆಯದೂ ಅಷ್ಟೆ. ಮೂರನೆಯದಕ್ಕೆ ರಾತ್ರಿಯಿಡೀ ಒದ್ದೆ ಗೋಣಿ ಹೊದೆಸಿ, ಬೆಳಿಗ್ಗೆ ಹಗ್ಗ ಕಟ್ಟಿ, ಮೇಲೊಂದು ರುಬ್ಬುವ ಕಲ್ಲು ಇಟ್ಟು, ಗಂಟೆಗೆ ಒಂದಿಂಚಿನ ಹಾಗೆ ಬಗ್ಗಿಸಿದೆ. ಅದು ಬಗ್ಗಿತು. ನನ್ನ ಸೊಂಟವೂ ಅದೇ ಆಕಾರದಲ್ಲಿ ನಿಂತಿತು. ಆ ಸಂಜೆಯೂ ಮಾವ ಬಂದು ಬಡಿದರು. "ಬೆಳೆದಿಲ್ಲ."

ಉಮೇದು ಬತ್ತಿದಾಗ ಎಂತ ಮಾಡಬೇಕು ಅಂತ ಎಲ್ಲರೂ ಹೇಳುವ ಉಪಾಯವನ್ನು ನಾನೂ ಹಿಡಿದೆ. ದಿನಕ್ಕೊಂದು ಸಣ್ಣ ಕೆಲಸ. ಒಂದೇ ಸ್ಕ್ರೂ ಆದರೂ ಸೈ, ಕೈ ಮಾತ್ರ ಬಿಡಬಾರದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗೀಟು ಹಾಕತೊಡಗಿದೆ. ಬಾಕಿ ಇದ್ದದ್ದು ಸುಮಾರು 600 ಸ್ಕ್ರೂ. ದಿನಕ್ಕೊಂದರ ಹಾಗೆ ಹಾಕಿದರೆ ಒಂದು ವರ್ಷ ಎಂಟು ತಿಂಗಳು ಆಗುತ್ತದೆ ಅಂತ ಮಗಳು ಲೆಕ್ಕ ಮಾಡಿ ಹೇಳಿದಳು. ಅವಳಿಗೆ ಲೆಕ್ಕ ಕಲಿಸಿದ್ದು ನಾನೇ. ಹೆಂಡತಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಒಂದು ದಿನ ನೋಡುತ್ತೇನೆ, ಹಪ್ಪಳದ ಡಬ್ಬಗಳೆಲ್ಲ ಟ್ರೈಲರಿನ ಒಳಗೆ ಸಾಲಾಗಿ ಕೂತಿವೆ. "ಇಡೀ ಮನೆಯಲ್ಲಿ ಒಣಕ್ಕಲು ಜಾಗ ಅಂತ ಇರುವುದು ಅದೊಂದೇ. ನಿಮಗೆ ಹೇಗೂ ಸದ್ಯಕ್ಕೆ ಬೇಡ ಅಲ್ವಾ?" ಅಂದಳು. ಸದ್ಯಕ್ಕೆ ಅನ್ನುವಾಗ ಸ್ವಲ್ಪ ಜಾಸ್ತಿಯೇ ಎಳೆದಳು.

ನಡುವೆ ಇನ್ನೊಂದು ತಲೆನೋವು. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೈಲರು ಕೂಡ ಮೋಟಾರು ವಾಹನವೇ. ಮೋಟಾರು ಇಲ್ಲ, ಆದರೂ ವಾಹನ. ಹಾಗಾಗಿ ಅದಕ್ಕೂ ನೋಂದಣಿ ಬೇಕು. ಕೇಳಲಿಕ್ಕೆ ಹೋದಲ್ಲಿ ಮಲಯಾಳದ ಒಂದು ಕಟ್ಟು ಕಾಗದ ಕೊಟ್ಟರು. ಅಕ್ಷರ ಕೂಡಿಸಿ ಕೂಡಿಸಿ ಮೊದಲ ಪುಟ ಮುಗಿಸುವಾಗ ಕತ್ತಲಾಗಿತ್ತು. ಮಾವನಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿ ಹೇಳಿದರು: "1956ರ ನವೆಂಬರ್ 1ಕ್ಕೆ ನಾವು ಮನೆ, ಹಟ್ಟಿ, ತೋಟ ಸಮೇತ ಒಂದೇ ರಾತ್ರಿಯಲ್ಲಿ ಮದರಾಸಿನಿಂದ ಕೇರಳಕ್ಕೆ ಹೋದೆವು. ಆಗ ಯಾವ ಟ್ರೈಲರೂ ಬೇಕಾಗಲಿಲ್ಲ. ನಿನಗೆ ಎಂತಕ್ಕೆ?"

ಇನ್ನು ಮೇ ತಿಂಗಳ ಕತೆ. ಹೇಳಲಿಕ್ಕೆ ನಾಚಿಕೆ ಆಗುತ್ತದೆ, ಆದರೆ ಊರಿಗೆಲ್ಲ ಗೊತ್ತಾಗಿ ಆಗಿದೆ.

ಮಾಡು ಕೂತಿತ್ತು. ಸಂದಿಗೆಲ್ಲ ಸಿಲಿಕೋನ್ ಮೆತ್ತಿದ್ದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದೆ. ಒಳಗಿನ ಹಿಡಿಗೆ ಎರಡು ಸ್ಕ್ರೂ ಬಾಕಿ ಇತ್ತು. ಅದು ನಾಳೆಯ ಸ್ಕ್ರೂ, ನಾಡಿದ್ದಿನ ಸ್ಕ್ರೂ ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ಅದು ಶುರುವಾಗುವ ಮೊದಲು ಎಲ್ಲಿ ಸೋರುತ್ತದೆ ಅಂತ ನೋಡಬೇಕಲ್ಲ. ಆವತ್ತು ಅಡಿಕೆ ತೋಟಕ್ಕೆ ಕೊಳೆರೋಗದ ಮೊದಲ ಮದ್ದು ಬಿಡುವ ದಿನ. ಪಂಪು ಅಂಗಳದಲ್ಲೇ ಇತ್ತು. ನನ್ನ ತಲೆ ಓಡಿತು. ನಾನು ಚಾಕ್ಪೀಸು, ಟಾರ್ಚು ಹಿಡಿದು ಒಳಗೆ ಮಲಗುವುದು. ಮದ್ದು ಬಿಡುವವ ಹೊರಗಿನಿಂದ ನೀರು ಹೊಡೆಯುವುದು. ಸೋರಿದಲ್ಲಿ ನಾನು ಗುರುತು ಹಾಕುವುದು. ಸಾಕಾದಾಗ ಒಳಗಿನಿಂದ ಮೂರು ಸಲ ಬಡಿಯುವುದು, ಅವನು ನಿಲ್ಲಿಸಿ ಬಾಗಿಲು ತೆಗೆಯುವುದು.

"ನೀರು ಮಾತ್ರ, ಆಯ್ತಾ? ಮದ್ದು ಬೇಡ," ಅಂತ ಎರಡು ಸಲ ಹೇಳಿದ್ದೆ. ಅವನು ಪಾಪ ಬ್ಯಾರಲಿನಲ್ಲಿ ನೀರೇ ತುಂಬಿದ್ದ. ಆದರೆ ಪೈಪು ಇನ್ನೂರು ಅಡಿ ಉದ್ದದ್ದು. ಅದರ ತುಂಬ ಬೆಳಗಿನ ಬೋರ್ಡೋ ಮದ್ದು ಹಾಗೇ ಉಳಿದಿತ್ತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನೀಲಿ ಅಂದರೆ ನೀಲಿ.

ಆ ಪಂಪು ನೆಲದಲ್ಲಿ ನಿಂತು ಅಡಿಕೆ ಮರದ ತುದಿಯ ಗೊನೆಗೆ ಮದ್ದು ಮುಟ್ಟಿಸುವಂಥದ್ದು. ಆರಡಿ ದೂರದಿಂದ ಅದು ಹಲಗೆಗೆ ಹೊಡೆಯುವಾಗ ಒಳಗೆ ಮಲಗಿದವನಿಗೆ ಹೇಗಿರುತ್ತದೆ ಅಂತ ಕೇಳಬೇಡಿ. ತಗಡಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ, ಜೊತೆಗೆ ಒಂದು ಚೆಂಡೆ. ಮೊದಲ ಹನಿ ಮೂಗಿನ ಮೇಲೆ ಬಿತ್ತು. ಗುರುತು ಹಾಕಿದೆ. ಎರಡನೆಯದು ಹಣೆಗೆ. ಮೂರನೆಯದು ಹನಿ ಅಲ್ಲ, ಧಾರೆ. ಟಾರ್ಚು ಬಿಟ್ಟು ನೋಡಿದರೆ ನೀಲಿ! ಕಣ್ಣು ಗಟ್ಟಿ ಮುಚ್ಚಿಕೊಂಡು ಮೂರು ಸಲ ಬಡಿದೆ. ಪಂಪಿನ ಇಂಜಿನಿನ ಸದ್ದಿಗೆ ಅವನಿಗೆ ಕೇಳಲಿಲ್ಲ. ಮತ್ತೆ ಮೂರು ಸಲ ಬಡಿದೆ. ಒಳಗಿನ ಹಿಡಿಗೆ ಕೈ ಹಾಕಿದೆ. ಹಿಡಿ ಕೈಗೇ ಬಂತು.

ಅಷ್ಟರಲ್ಲಿ ಪಂಪು ನಿಂತಿತು. ಬ್ಯಾರಲಿಗೆ ನೀರು ತರಲಿಕ್ಕೆ ಅವನು ಬಾವಿಕಟ್ಟೆಗೆ ಹೋದ. ನಾನು ಜೀವ ಬಂದವನ ಹಾಗೆ ಬಡಿದೆ, ಟಕ್ ಟಕ್ ಟಕ್.

ಹೊರಗಿನಿಂದ ಉತ್ತರ ಬಂತು. ಟಕ್ ಟಕ್ ಟಕ್.

ಕೊಡೆಯ ಹಿಡಿ. ಆ ಸದ್ದು ನನಗೆ ಗೊತ್ತಿಲ್ಲದೆ ಉಂಟಾ? ನಾನು ಇನ್ನೂ ಜೋರಾಗಿ ಬಡಿದೆ. ಅವರು ಒಂದು ಕ್ಷಣ ಸುಮ್ಮನಾಗಿ ಮತ್ತೆ ಬಡಿದರು. ನಾನು ಬಡಿದೆ. ಅವರು ಬಡಿದರು. ಹೀಗೆ ನಾಲ್ಕೈದು ಸಲ ಆಯಿತು. ಆಮೇಲೆ ಮಾವ ಯಾರಿಗೋ ಹೇಳುವುದು ಹಲಗೆಯ ಆಚೆಯಿಂದ ಸ್ಪಷ್ಟ ಕೇಳಿತು: "ಇವತ್ತು ಸದ್ದು ಬದಲಾಗಿದೆ. ಒಳಗೆ ಎಂತದೋ ತುಂಬಿದ ಹಾಗೆ ಉಂಟು."

"ಮಾವಾ, ಬಾಗಿಲು ತೆಗೆಯಿರಿ!" ಅಂತ ಕಿರುಚಿದೆ.

ಚಿಲಕ ತೆಗೆಯಲಿಕ್ಕೆ ಅವರಿಗೆ ಎರಡು ನಿಮಿಷ ಬೇಕಾಯಿತು. ಬಾಗಿಲಿನಿಂದ ತಲೆ ಹೊರಗೆ ಹಾಕಿದೆ. ಮುಖ, ಕತ್ತು, ಬಿಳಿ ಬನಿಯನ್ನು, ಎಲ್ಲ ನೀಲಿ. ಯಕ್ಷಗಾನದ ಚೌಕಿಯಿಂದ ಅರ್ಧ ಬಣ್ಣದಲ್ಲಿ ಎದ್ದು ಓಡಿದ ಕೃಷ್ಣ ವೇಷದ ಹಾಗೆ. ಅಮ್ಮ ಜಗಲಿಯಲ್ಲೇ ಕೂತುಬಿಟ್ಟರು. ಮಗಳು ಫೋನ್ ತೆಗೆದಳು. ಮಾವ ಮಾತ್ರ ನಗಲಿಲ್ಲ. ಮೇಲಿಂದ ಕೆಳಗೆ ನೋಡಿ, "ಒಳ್ಳೆಯದಾಯಿತು. ಈ ವರ್ಷ ನಿನಗೆ ಕೊಳೆರೋಗ ಬರಲಿಕ್ಕಿಲ್ಲ," ಅಂದರು.

ಒಂದು ಲಾಭ ಆಯಿತು. ಚಾಕ್ಪೀಸಿನ ಗುರುತೆಲ್ಲ ತೊಳೆದು ಹೋಗಿತ್ತು, ಆದರೆ ಸೋರಿದ ಏಳು ಜಾಗವೂ ನೀಲಿ ಗೆರೆಯಾಗಿ ಒಳಗೆ ಹಾಗೇ ಉಳಿದಿತ್ತು. ಒಂದೊಂದನ್ನೇ ಹುಡುಕಿ ಮುಚ್ಚಿದೆ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಒಳಗಿನ ಹಿಡಿ ಹಾಕಿದೆ. ಎರಡಲ್ಲ, ನಾಲ್ಕು ಸ್ಕ್ರೂ.

ಅಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಹೋಟೆಲಿನಲ್ಲಿ ರೂಮು ಮಾಡಿದರೆ ಆಗುವುದಿಲ್ಲವಾ? ಆಗುತ್ತದೆ. ಆದರೆ ನಮ್ಮ ಅಪ್ಪ ಇಡೀ ಜೀವಮಾನದಲ್ಲಿ ಮನೆಯ ಹೊರಗೆ ಮಲಗಿದ್ದು ಅಂಗಳದ ಅಡಿಕೆ ಕಾಯಲಿಕ್ಕೆ ಮಾತ್ರ. ದನ ಇತ್ತು, ತೋಟಕ್ಕೆ ನೀರು ಬಿಡಬೇಕಿತ್ತು, ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ರಾಣಿಪುರಂ ಗುಡ್ಡ ನಮ್ಮದೇ ಜಿಲ್ಲೆಯಲ್ಲಿ ಉಂಟು. ಒಮ್ಮೆ ನೋಡಬೇಕು ಅಂತ ಅಪ್ಪ ಹೇಳುತ್ತಿದ್ದರು. "ಕೊಯ್ಲು ಮುಗಿಯಲಿ" ಅಂತಲೂ ಅವರೇ ಹೇಳುತ್ತಿದ್ದರು. ಆ ಗುಡ್ಡದ ಬುಡದಲ್ಲಿ ಒಂದು ರಾತ್ರಿ ಗೂಡು ನಿಲ್ಲಿಸಿ, ಬೆಳಿಗ್ಗೆ ಹಿಂದಿನ ಮುಚ್ಚಳ ಎತ್ತಿ ಕಾಫಿ ಮಾಡಬೇಕು. ಇಷ್ಟೇ ನನ್ನ ಯೋಜನೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಸೊಸೈಟಿಯಲ್ಲಿ ಅದಕ್ಕೂ ಒಂದು ಪ್ರಶ್ನೆ ಹುಟ್ಟುತ್ತದೆ.

ಮಾವನಿಗೆ ಮಾತ್ರ ಯಾವಾಗಲೋ ಬಾಯಿ ತಪ್ಪಿ ಹೇಳಿದ್ದೆ ಅಂತ ಕಾಣುತ್ತದೆ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಅತ್ತೆ ತೀರಿಹೋಗಿ ಮೂರು ವರ್ಷ. ಜೂನಿನಲ್ಲಿ ಜ್ವರ ಬಂದು ಅವರು ಹನ್ನೊಂದು ದಿನ ಈ ಕಡೆ ಬರಲಿಲ್ಲ. ನನಗೆ ಕಿರಿಕಿರಿ ಇಲ್ಲ, ಹಾಯಾಗಿ ಕೆಲಸ ಮಾಡಬಹುದು ಅಂದುಕೊಂಡೆ. ಆಮೇಲೆ ಕ್ಯಾಲೆಂಡರ್ ನೋಡಿದರೆ ಆ ಹನ್ನೊಂದು ದಿನದಲ್ಲಿ ಹಾಲಿನ ಗೀಟು ಮಾತ್ರ ಇತ್ತು.

ನಿನ್ನೆ ಬಂದರು ಅಂದೆನಲ್ಲ. ಮೂರು ಸಲ ಬಡಿದು, ಕಿವಿ ಕೊಟ್ಟು, ಮತ್ತೊಮ್ಮೆ ಬಡಿದರು. ನಾನು ಒಳಗೆ ಕೂತು ಉಸಿರು ಹಿಡಿದಿದ್ದೆ.

"ಬೆಳೆದಿದೆ ಮಾಣಿ," ಅಂದರು.

ನಾನು ಬಾಗಿಲು ತಳ್ಳಿ ಹೊರಗೆ ಬರುವಷ್ಟರಲ್ಲಿ ಕೊಡೆ ಬಿಚ್ಚುತ್ತಿದ್ದರು. "ಹಣ್ಣಾಗಲಿಕ್ಕೆ ಇನ್ನೂ ಸಮಯ ಉಂಟು," ಅಂತ ಹೇಳಿ ಇಳಿದು ಹೋದರು.

ರಾತ್ರಿ ಮಳೆ ಜೋರಾಯಿತು. ನಿದ್ದೆ ಬರಲಿಲ್ಲ. ಎದ್ದು ಟಾರ್ಚು ಹಿಡಿದು ಹೋಗಿ ಟರ್ಪಾಲು ಎಳೆದು ಸರಿ ಮಾಡಿದೆ. ಹಟ್ಟಿಯ ಮೂಲೆಯಲ್ಲಿ ಎರಡು ಗೋಣಿ ಬಿದ್ದಿತ್ತು. ಅದನ್ನೂ ತಂದು ಮೇಲಿನಿಂದ ಹೊದೆಸಿದೆ. ಯಾವುದಕ್ಕೂ ಇರಲಿ ಅಂತ.