‘ರೀ’ ಎಂಬುದೂ ಒಂದು ಹೆಸರು

ಕಳೆದ ತಿಂಗಳು ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನಮ್ಮ ಬಳಗದ ಮದುವೆಯೊಂದರ ಆರತಕ್ಷತೆ ನಡೆಯಿತು. ಮೈಕ್ ಹಿಡಿದಿದ್ದ ನಿರೂಪಕ ಹಿರಿಯ ದಂಪತಿಗಳನ್ನು ವೇದಿಕೆಗೆ ಕರೆದು, ಹೆಂಗಸರು ತಮ್ಮ ಗಂಡನನ್ನು ಹೆಸರು ಹಿಡಿದು, ಜೊತೆಗೊಂದು ಮುದ್ದಿನ ಮಾತು ಸೇರಿಸಿ ಕೂಗಬೇಕೆಂಬ ಆಟ ಹೂಡಿದ. ನನ್ನ ಅಮ್ಮನ ಸರದಿ ಬಂದಾಗ ಅವರು ತಲೆ ತಗ್ಗಿಸಿ ಸುಮ್ಮನೆ ನಿಂತರು. ಇಷ್ಟು ವರ್ಷ ಸಂಸಾರ ಮಾಡಿಯೂ ಯಜಮಾನರನ್ನು ಒಮ್ಮೆಯೂ ಪ್ರೀತಿಯಿಂದ ಕರೆದಿಲ್ಲವೇ ಎಂದು ಅವನು ಕೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಆ ನಗು ನನ್ನನ್ನು ನೋಯಿಸಿತು. ನಮ್ಮ ಹಿರಿಯರು ಒಬ್ಬರನ್ನೊಬ್ಬರು ಹೇಗೆ ಕರೆದುಕೊಂಡು ಬಾಳಿದರು ಎಂಬುದನ್ನು ಕಿವಿಗೊಟ್ಟು ಕೇಳದವರ ನಗು ಅದು ಎಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೊಳೆನರಸೀಪುರ ತಾಲ್ಲೂಕಿನವರಾದ ನನ್ನ ಅಜ್ಜಿಗೆ, ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕುಂದುತ್ತದೆ ಎಂಬ ನಂಬಿಕೆಯಿತ್ತು. ಅಜ್ಜನ ಹೆಸರು ‘ರಂಗ’ ಎಂದು ಆರಂಭವಾಗುತ್ತಿದ್ದುದರಿಂದ ಅವರ ಬಾಯಲ್ಲಿ ರಂಗೋಲಿ ‘ಹಸೆ’ಯಾಗಿತ್ತು, ಮಾವಿನಕೆರೆ ಬೆಟ್ಟದ ರಂಗನಾಥಸ್ವಾಮಿ ಬರೀ ‘ಬೆಟ್ಟದ ಸ್ವಾಮಿ’ಯಾಗಿದ್ದ. ದಕ್ಷಿಣ ಆಫ್ರಿಕಾದ ಕೋಸಾ ಮತ್ತು ಜುಲು ಜನರಲ್ಲಿ ‘ಹ್ಲೋನಿಫ’ ಎಂಬ ಪದ್ಧತಿಯಿದೆ. ಮದುವೆಯಾಗಿ ಬಂದ ಹೆಣ್ಣು ಮಾವನ ಮತ್ತು ಗಂಡನ ಮನೆಯ ಹಿರಿಯರ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಸದ್ದು ಸುಳಿಯುವ ಬೇರೆ ಮಾತುಗಳನ್ನೂ ಬಿಟ್ಟು, ಅವುಗಳ ಜಾಗದಲ್ಲಿ ಬೇರೆ ಪದಗಳನ್ನು ಆಡುತ್ತಾಳೆ. ಇದನ್ನು ಮೊದಲ ಸಲ ಓದಿದಾಗ, ಅಂಗಳದಲ್ಲಿ ಕುಳಿತು ಹಸೆ ಬರೆಯುತ್ತಿದ್ದ ಅಜ್ಜಿಯೇ ಕಣ್ಣ ಮುಂದೆ ಬಂದರು. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರನ್ನು ಹೇಳಲೇಬೇಕಾದ ಶುಭ ಸಂದರ್ಭಗಳಲ್ಲಿ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೇಳುತ್ತಾರೆ. ಮರಾಠಿಯಲ್ಲಿ ಅದೇ ‘ಉಖಾಣೆ’.

ಹೆಸರು ಬಿಟ್ಟ ಮೇಲೆ ಕರೆಯುವುದು ಹೇಗೆ? ನಮ್ಮವರು ‘ರೀ’ ಎಂದರು. ‘ಬನ್ನಿರಿ’, ‘ಕೇಳಿರಿ’ ಎಂಬ ಮಾತುಗಳ ತುದಿಯಲ್ಲಿರುವ ಗೌರವದ ‘ರಿ’ಯೇ ಬೇರೆಯಾಗಿ ನಿಂತು ಕರೆಯಾಯಿತೆಂದು ನನಗನ್ನಿಸುತ್ತದೆ. ತೆಲುಗಿನ ‘ಏಮಂಡಿ’, ತಮಿಳಿನ ‘ಎನ್ನಂಗ’, ಮರಾಠಿಯ ‘ಅಹೋ’ ಇವೆಲ್ಲ ಇದೇ ಬಗೆಯವು. ಇವುಗಳಲ್ಲಿ ‘ಏನು’, ‘ಕೇಳಿ’ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ, ಇರುವುದೆಲ್ಲ ಗೌರವ ಮತ್ತು ದನಿ. ಜಪಾನಿನ ಹಳೆಯ ತಲೆಮಾರಿನ ಹೆಂಡತಿ ಗಂಡನನ್ನು ‘ಅನಾತ’ ಎನ್ನುತ್ತಾಳೆ. ಈಗ ಅದರ ಅರ್ಥ ‘ನೀವು’ ಎಂದಾದರೂ ಮೂಲದಲ್ಲಿ ಅದು ‘ಆ ಕಡೆ’, ಅಂದರೆ ದೂರವನ್ನು ತೋರಿಸುವ ಪದವಾಗಿತ್ತು. ನಮ್ಮ ಹೆಂಗಸರು ಗಂಡನ ಬಗ್ಗೆ ಹೇಳುವಾಗ ಅವನು ಎದುರಿಗಿಲ್ಲದಿದ್ದರೂ, ಬೆಂಗಳೂರಿನಲ್ಲೇ ಇದ್ದರೂ, ‘ಇವರು’ ಎಂದೇ ಹೇಳುತ್ತಾರೆ. ಹತ್ತಿರವಿರುವವರಿಗೆ ಹೇಳುವ ಆ ಒಂದು ಅಕ್ಷರ ‘ಇ’ಯಲ್ಲಿರುವ ಪ್ರೀತಿಯನ್ನು ಯಾವ ನಿರೂಪಕನೂ ಕಲಿಸಿಕೊಡಬೇಕಾಗಿಲ್ಲ.

ಬೇರೆ ನಾಡುಗಳ ಮುದ್ದಿನ ಹೆಸರುಗಳನ್ನು ನಾನು ಕಡೆಗಣಿಸುತ್ತಿಲ್ಲ. ಫ್ರೆಂಚರು ಒಲಿದವರನ್ನು ‘ನನ್ನ ಕೋಸು’ ಎನ್ನುತ್ತಾರೆ, ‘ನನ್ನ ಚಿಗಟ’ ಎಂದೂ ಅನ್ನುತ್ತಾರೆ. ಜರ್ಮನರಿಗೆ ಒಲಿದವರು ‘ನಿಧಿ’. ಪಾರಸಿಯಲ್ಲಿ ‘ಜಿಗರ್’ ಎಂದರೆ ಯಕೃತ್ತು, ಅದೇ ಪ್ರೀತಿಯ ಕರೆ. ನಮ್ಮಲ್ಲಿ ‘ಕರುಳು’ ಮಕ್ಕಳಿಗಷ್ಟೇ ಮೀಸಲಾಗಿ, ಗಂಡಹೆಂಡಿರ ನಡುವೆ ಬರಲೇ ಇಲ್ಲ. ಚೀನಿಯರಲ್ಲಿ ಹೊಸದಾಗಿ ಮದುವೆಯಾದವರೂ ‘ಲಾವ್‌ಗೊಂಗ್’, ‘ಲಾವ್‌ಪೊ’ ಎಂದು ಕರೆದುಕೊಳ್ಳುತ್ತಾರೆ. ಆ ‘ಲಾವ್’ ಎಂದರೆ ಹಳೆಯದು, ವಯಸ್ಸಾದದ್ದು ಎಂದರ್ಥ. ಮಲಯಾಳಿಗಳ ‘ಚೇಟ್ಟನ್’, ಜಾವಾದ ‘ಮಾಸ್’ ಎಂಬ ಕರೆಗಳಿಗೆ ಅಣ್ಣನೆಂಬುದೇ ಮೂಲಾರ್ಥ. ಸೋದರಮಾವನನ್ನೇ ಮದುವೆಯಾದ ನಮ್ಮ ಕಡೆಯ ಹೆಣ್ಣುಮಕ್ಕಳು ಮದುವೆಯ ನಂತರವೂ ‘ಮಾವ’ ಎಂದೇ ಕರೆಯುವುದನ್ನು ನಾನು ಕೇಳಿ ಬೆಳೆದಿದ್ದೇನೆ. ಇನ್ನು ಮಗುವಿನ ಹೆಸರು ಹಿಡಿದು ‘ಪುಟ್ಟಿ ಅಪ್ಪ’ ಎಂದು ಕೂಗುವ ರೂಢಿ ಎಷ್ಟೊಂದು ನಾಡುಗಳಲ್ಲಿದೆಯೆಂದರೆ, ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1889ರಲ್ಲೇ ಅದಕ್ಕೊಂದು ಪಾರಿಭಾಷಿಕ ಹೆಸರು ಕೊಟ್ಟರು.

ಆದರೆ ಹಳೆಯದೆಲ್ಲವೂ ಸರಿಯಾಗಿತ್ತೆಂದು ನಾನು ಹೇಳಲಾರೆ. ಅಮ್ಮನದು ‘ರೀ’, ಅಪ್ಪನದು ‘ಲೇ’ ಅಥವಾ ‘ಇವಳೇ’. ಅಮ್ಮನದು ‘ನೀವು’, ಅಪ್ಪನದು ‘ನೀನು’. ಅಪ್ಪನ ಮೊಬೈಲಿನಲ್ಲಿ ಅಮ್ಮನ ನಂಬರ್ ಇರುವುದು ‘ಮನೆ’ ಎಂಬ ಹೆಸರಿನಲ್ಲಿ. ಅಪ್ಪನ ಹೆಸರನ್ನು ಅಮ್ಮ ಹೇಳದಿದ್ದರೂ ಊರಿಡೀ ಹೇಳುತ್ತದೆ. ಅಮ್ಮನ ಹೆಸರನ್ನಾದರೋ, ಅವರ ತವರಿನ ಹಿರಿಯರು ತೀರಿಕೊಂಡ ಮೇಲೆ, ಬಾಯಿ ತುಂಬ ಕರೆಯುವವರೇ ಇಲ್ಲವಾಗಿದ್ದಾರೆ. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ರೇಷನ್ ಕಾರ್ಡಿನಲ್ಲಿ ಉಳಿದಿದೆ. ವೇದಿಕೆಯ ಮೇಲೆ ಯಾರಾದರೂ ಯಾರ ಹೆಸರನ್ನಾದರೂ ಹೇಳಬೇಕಿದ್ದರೆ, ಅಪ್ಪ ಅಮ್ಮನ ಹೆಸರು ಹೇಳಲಿ ಎಂದು ನಾನು ಬಯಸುತ್ತಿದ್ದೆ. ಮೈಕ್ ಗಂಡಸರ ಕಡೆಗೆ ಹೋಗಲೇ ಇಲ್ಲ. ನಾನೂ ನನ್ನ ಗಂಡನೂ ಒಬ್ಬರನ್ನೊಬ್ಬರು ಹೆಸರಿನಿಂದಲೇ ಕರೆದುಕೊಳ್ಳುತ್ತೇವೆ; ಅದರಲ್ಲಿ ನನಗೆ ಸಮಾಧಾನವಿದೆ.

ಅಂದು ಆಟ ಮುಗಿದು ಎಲ್ಲರೂ ಊಟಕ್ಕೆ ಕುಳಿತರು. ಅಮ್ಮ ನನ್ನ ಪಕ್ಕದಲ್ಲಿದ್ದರು, ಅಪ್ಪ ಎದುರು ಸಾಲಿನಲ್ಲಿ ನಾಲ್ಕೈದು ಎಲೆ ಆಚೆಗೆ. ಬಡಿಸುವವರ ಓಡಾಟ, ಬಕೆಟ್ಟುಗಳ ಸದ್ದು, ಮಕ್ಕಳ ಗಲಾಟೆಯ ನಡುವೆ ಅಮ್ಮ ದನಿಯೇರಿಸದೆ ‘ರೀ’ ಎಂದರು. ಆ ಸಾಲಿನಲ್ಲಿ ಅಷ್ಟೊಂದು ಗಂಡಸರಿದ್ದರೂ ತಲೆಯೆತ್ತಿದವರು ಅಪ್ಪ ಒಬ್ಬರೇ. ಅಮ್ಮ ಮತ್ತೇನೂ ಹೇಳಲಿಲ್ಲ. ಅಪ್ಪ ಜೇಬು ತಡಕಿ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು ನುಂಗಿ, ಹೋಳಿಗೆ ಹಿಡಿದು ಬಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು.