ಎರವಲು ತಂದ ಆಟ, ಸ್ವಂತ ಬರೆದ ಅಧ್ಯಾಯ

ಶ್ಯಾಡೋರನ್ ಎಂಬ ಅಮೆರಿಕದ ಆಟಕ್ಕೆ ಸಂಬಂಧಿಸಿದ ಜರ್ಮನ್ ಪುಸ್ತಕಗಳಲ್ಲಿ ಇಂಗ್ಲಿಷ್ ಮೂಲವೇ ಇಲ್ಲದವು ಹತ್ತಾರಿವೆ. ಕೆಲವು ಕಾದಂಬರಿಗಳು, ಕೆಲವು ನಗರಗಳನ್ನೂ ಸೀಮೆಗಳನ್ನೂ ವರ್ಣಿಸುವ ಕೈಪಿಡಿಗಳು. ಇನ್ನು ಕೆಲವು ಇಂಗ್ಲಿಷಿನಿಂದಲೇ ಅನುವಾದಗೊಂಡಿದ್ದರೂ ಮೂಲದಲ್ಲಿಲ್ಲದ ಅಧ್ಯಾಯಗಳನ್ನು ಸೇರಿಸಿಕೊಂಡು ಬಂದವು. ಹೊರಗಿನಿಂದ ಬಂದ ಸರಕನ್ನು ಕನ್ನಡಕ್ಕೆ ತರಬೇಕೆ, ಬೇಡವೆ, ತಂದರೆ ಹೇಗೆ ತರಬೇಕು ಎಂಬ ಜಗಳವನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದ ನನಗೆ, ಡ್ಯೂಸೆಲ್ಡಾರ್ಫಿನಲ್ಲಿ ನೆಲೆಸಿದ ಮೇಲೆ ಕಂಡ ಈ ಪದ್ಧತಿ ವಿಚಾರ ಮಾಡಲು ಯೋಗ್ಯವೆನಿಸಿದೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಇದು ಕಂಪ್ಯೂಟರಿನ ಮುಂದೆ ಕೂತು ಆಡುವ ಆಟವಲ್ಲ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತು, ತಲೆಗೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ, ಮಾತಿನಲ್ಲೇ ಕತೆ ಕಟ್ಟುವ ರೋಲ್ ಪ್ಲೇಯಿಂಗ್ ಗೇಮ್. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗ ಎಲ್ಲರಿಗೂ ಗೊತ್ತು, ಆದರೆ ಅರ್ಥ ಹೇಳುವವನು ಆ ರಾತ್ರಿ ಯಾವ ವಾದ ಹೂಡುತ್ತಾನೆಂಬುದು ಎದುರಿನ ಅರ್ಥಧಾರಿಗೂ ಗೊತ್ತಿರುವುದಿಲ್ಲ. ಶ್ಯಾಡೋರನ್ನಿನ ಪ್ರಸಂಗವೆಂದರೆ ಇಪ್ಪತ್ತೊಂದನೆಯ ಶತಮಾನದ ನಡುಭಾಗದ ಜಗತ್ತು. ಸರಕಾರಗಳು ಸೊರಗಿ ಬೃಹತ್ ಕಂಪನಿಗಳು ಆಳುತ್ತಿರುತ್ತವೆ. ಮಿದುಳನ್ನು ನೇರವಾಗಿ ಗಣಕಜಾಲಕ್ಕೆ ಜೋಡಿಸಬಹುದು. ಜೊತೆಗೆ, ಕತೆಯ ಲೆಕ್ಕದಲ್ಲಿ 2011ರಲ್ಲೇ ಮಾಟಮಂತ್ರವೂ ಲೋಕಕ್ಕೆ ಮರಳಿ, ಡ್ರ್ಯಾಗನ್ನುಗಳು ಎಚ್ಚೆತ್ತು, ಮನುಷ್ಯರಲ್ಲೇ ಕೆಲವರು ಎಲ್ಫ್, ಟ್ರೋಲ್ ಮುಂತಾದ, ಯುರೋಪಿನ ಜನಪದ ಕತೆಗಳ ಜನಾಂಗಗಳಾಗಿ ಮಾರ್ಪಟ್ಟಿರುತ್ತಾರೆ. ಕಂಪನಿಗಳ ಗುಟ್ಟುಗಳನ್ನು ಕದಿಯುವ ಬಾಡಿಗೆ ಕಳ್ಳರೇ ನಾಯಕರು. ಷಿಕಾಗೋದ ಫಾಸಾ ಎಂಬ ಸಂಸ್ಥೆ 1989ರಲ್ಲಿ ಹೊರತಂದ ಈ ಆಟದ ಮುಖ್ಯ ನೆಲೆ ಅಮೆರಿಕದ ಸಿಯಾಟಲ್ ನಗರ.

ಅದನ್ನು ಜರ್ಮನ್ ಭಾಷೆಗೆ ತಂದದ್ದು ಫ್ಯಾಂಟಸಿ ಪ್ರೊಡಕ್ಷನ್ಸ್ ಎಂಬ ಪ್ರಕಾಶನ. ಈಗ ನಾನಿರುವ ಊರಿಗೆ ಅಂಟಿಕೊಂಡೇ ಇರುವ ಎರ್ಕ್ರಾಟ್ ಅದರ ನೆಲೆಯಾಗಿತ್ತು. ಹಾನ್ಸ್ ಯೋವಾಖಿಮ್ ಆಲ್ಪರ್ಸ್, ವೆರ್ನರ್ ಫುಕ್ಸ್, ಉಲ್ರಿಖ್ ಕೀಸೊವ್ ಎಂಬ ಮೂವರು 1983ರಲ್ಲಿ ಕಟ್ಟಿದ ಸಂಸ್ಥೆ ಅದು. ಇವರ ಕೈಯಲ್ಲಿ ಆಗಲೇ ಜರ್ಮನರದೇ ಆದ ಇನ್ನೊಂದು ದೊಡ್ಡ ಆಟವಿತ್ತು. ಆದುದರಿಂದ ಹೊರಗಿನ ಆಟವನ್ನು ತರುವಾಗ ತಾವು ಕೇವಲ ಅನುವಾದಕರು ಎಂಬ ಸಂಕೋಚ ಅವರಿಗಿರಲಿಲ್ಲವೆಂದು ನನ್ನ ಊಹೆ. ಅವರು ಕೇಳಿಕೊಂಡ ಪ್ರಶ್ನೆ ಸರಳವಾದದ್ದು: ಸಿಯಾಟಲ್ಲಿಗೆ ಹೀಗಾದರೆ ನಮ್ಮ ಹಾಂಬುರ್ಗಿಗೆ ಏನಾಗಿರುತ್ತದೆ?

ಅದಕ್ಕೆ ಉತ್ತರವಾಗಿ 1992ರಲ್ಲಿ ‘ಡಾಯ್ಚ್‌ಲಾಂಡ್ ಇನ್ ಡೆನ್ ಶಾಟೆನ್’ (ನೆರಳುಗಳಲ್ಲಿ ಜರ್ಮನಿ) ಎಂಬ ಕೈಪಿಡಿ ಬಂತು. ಎರಡು ಜರ್ಮನಿಗಳು ಒಂದಾಗಿ ಆಗಿನ್ನೂ ಎರಡು ವರ್ಷ. ಬರ್ಲಿನ್ ಗೋಡೆಯ ಚೂರುಗಳನ್ನು ಜನ ನೆನಪಿಗೆಂದು ಮನೆಗೊಯ್ಯುತ್ತಿದ್ದ ಆ ಕಾಲದಲ್ಲಿ ಈ ಪುಸ್ತಕದವರು ದೇಶ ಮತ್ತೆ ಒಡೆದು ಚೂರಾಗಿರುವ ಭವಿಷ್ಯವನ್ನು ಕಲ್ಪಿಸಿದರು. ಬರ್ಲಿನ್ ಯಾವ ಸರಕಾರಕ್ಕೂ ಬಗ್ಗದ ಅರಾಜಕ ನಗರವಾಗುತ್ತದೆ. 1980ರ ದಶಕದಲ್ಲಿ ಪಶ್ಚಿಮ ಬರ್ಲಿನ್ನಿನ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯ ಖಾಲಿ ಕಟ್ಟಡಗಳಿಗೆ ನುಗ್ಗಿ ನೆಲೆಸಿದ್ದ ಯುವಕರನ್ನು ಬಲ್ಲವರಿಗೆ ಇದು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಅರಣ್ಯದಲ್ಲಿ ಟ್ರೋಲ್‌ಗಳ ರಾಜ್ಯ ಹುಟ್ಟುತ್ತದೆ, ವೆಸ್ಟ್‌ಫಾಲಿಯಾ ಕ್ಯಾಥೊಲಿಕ್ ಧರ್ಮಪ್ರಭುತ್ವವಾಗುತ್ತದೆ, ಉತ್ತರದ ಕರಾವಳಿಯನ್ನು ಸಮುದ್ರ ನುಂಗಿ ಹಾಂಬುರ್ಗ್ ಅರ್ಧ ನೀರಿನಲ್ಲಿ ಮುಳುಗಿದ ನಗರವಾಗುತ್ತದೆ. 1962ರ ಫೆಬ್ರವರಿಯ ಬಿರುಗಾಳಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತ ನಿಜವಾದ ಪ್ರವಾಹ ಆ ಊರಿನ ಹಿರಿಯರಿಗೆ ಇನ್ನೂ ಮರೆತಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟೆನೋಮ್ ಪ್ರಕರಣ. ಕಟ್ಟೆನೋಮ್ ನಿಜವಾಗಿಯೂ ಇರುವ ಫ್ರಾನ್ಸಿನ ಅಣುಸ್ಥಾವರ. ಮೊಸೆಲ್ ನದಿಯ ಬಳಿ, ಲಕ್ಸೆಂಬರ್ಗಿಗೂ ಜರ್ಮನಿಯ ಸಾರ್‌ಲಾಂಡಿಗೂ ಸಮೀಪದಲ್ಲಿದೆ. ಅದರ ಮೊದಲ ಘಟಕ ವಿದ್ಯುತ್ ಕೊಡತೊಡಗಿದ್ದು 1986ರಲ್ಲಿ, ಅಂದರೆ ಚೆರ್ನೋಬಿಲ್ ದುರಂತ ನಡೆದ ವರ್ಷವೇ. ಗಡಿಯಾಚೆ ನಿಂತಿರುವ, ತಮ್ಮ ಮತದಾನಕ್ಕೆ ನಿಲುಕದ ಆ ಸ್ಥಾವರದ ಬಗ್ಗೆ ಸಾರ್‌ಲಾಂಡಿನವರ ಆತಂಕ ಇಂದಿಗೂ ತಣಿದಿಲ್ಲ. ಆಟದ ಜಗತ್ತಿನಲ್ಲಿ ಅದು ಸ್ಫೋಟಗೊಂಡು, ಸಾರ್‌ಲಾಂಡ್, ಫ್ರಾನ್ಸಿನ ಲೊರೇನ್, ಲಕ್ಸೆಂಬರ್ಗ್ ಮೂರೂ ಸೇರಿ ಗೋಡೆ ಕಟ್ಟಿ ಮುಚ್ಚಿದ ನಿಷಿದ್ಧ ವಲಯವಾಗುತ್ತವೆ. ಹೊರಗಿನವರ ಕಣ್ಣಿಲ್ಲದ ಆ ವಲಯದೊಳಗೆ ಕಂಪನಿಗಳು ತಮ್ಮ ಗುಪ್ತ ಪ್ರಯೋಗಗಳನ್ನು ನಡೆಸುತ್ತವೆ. ಷಿಕಾಗೋದಲ್ಲಿ ಕುಳಿತ ಲೇಖಕ ಎಷ್ಟೇ ಪ್ರತಿಭಾವಂತನಾದರೂ ಇದನ್ನು ಬರೆಯುವ ಸಾಧ್ಯತೆ ಕಡಿಮೆ. ಷಿಕಾಗೋದವರು ಎಸ್ಸೆನ್ ನಗರದ ಹಳೆಯ ಕ್ರುಪ್ ಕಾರ್ಖಾನೆಯ ಹೆಸರನ್ನು ಎತ್ತಿಕೊಂಡು, ಸೇಡರ್-ಕ್ರುಪ್ ಎಂಬ ಮಹಾಕಂಪನಿಯನ್ನು ಸೃಷ್ಟಿಸಿ, ಲೋಫ್ವಿರ್ ಎಂಬ ಡ್ರ್ಯಾಗನ್ನನ್ನು ಅದರ ಒಡೆಯನನ್ನಾಗಿ ಕೂರಿಸಿದ್ದರು. ಸೊಗಸಾದ ಕಲ್ಪನೆಯೇ. ಆದರೆ ಆ ಡ್ರ್ಯಾಗನ್ನಿನ ನೆರಳಿನಲ್ಲಿ ಬದುಕುವ ರೈನ್-ರೂರ್ ಸೀಮೆಯ ಬೀದಿಗಳನ್ನು, ಗಣಿ ಮುಚ್ಚಿದ ಊರುಗಳನ್ನು, ಅಲ್ಲಿನವರ ಒರಟು ಹಾಸ್ಯವನ್ನು ತುಂಬಿದವರು ಇಲ್ಲಿಯವರು.

ಈ ಕೈಪಿಡಿ 1994ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಫಾಸಾದಿಂದಲೇ ಪ್ರಕಟವಾಯಿತು. ಆ ಹೊತ್ತಿಗೆ ಕಾದಂಬರಿಗಳೂ ಶುರುವಾಗಿದ್ದವು. ಮ್ಯೂನಿಕ್ಕಿನ ಹೈನೆ ಪ್ರಕಾಶನ ಅಮೆರಿಕದ ಶ್ಯಾಡೋರನ್ ಕಾದಂಬರಿಗಳನ್ನು ಅನುವಾದಿಸಿ ಅಗ್ಗದ ಜೇಬುಪುಸ್ತಕಗಳಾಗಿ ತರುತ್ತಿತ್ತು. ಅದೇ ಸಾಲಿನಲ್ಲಿ ಆಲ್ಪರ್ಸ್ 1994–95ರಲ್ಲಿ ಮೂರು ಸ್ವತಂತ್ರ ಕಾದಂಬರಿಗಳನ್ನು ಬರೆದರು. ಈ ಆಲ್ಪರ್ಸ್ ಹೊಟ್ಟೆಪಾಡಿಗಾಗಿ ಕತೆ ಹೊಸೆಯುವ ಅನಾಮಿಕರಾಗಿರಲಿಲ್ಲ. ವಿಜ್ಞಾನ ಕಥಾಸಾಹಿತ್ಯದ ಬೃಹತ್ ಕೋಶವೊಂದನ್ನು ಸಂಪಾದಿಸಿದವರಲ್ಲಿ ಒಬ್ಬರು, ಗಂಭೀರ ವಿಮರ್ಶಕರು. ಅಂಥವರು ಆಟದ ಕಾದಂಬರಿಗೆ ತಮ್ಮ ಹೆಸರು ಹಾಕಿ ಬರೆದರೆಂಬುದನ್ನು ಕನ್ನಡದ ಓದುಗರು ಗಮನಿಸಬೇಕು. ನಮ್ಮಲ್ಲಿ ಪತ್ತೇದಾರಿ ಬರೆಯುವವರೊಂದು ಜಾತಿ, ವಿಮರ್ಶೆ ಬರೆಯುವವರೊಂದು ಜಾತಿ, ನಡುವೆ ಕೊಡುಕೊಳ್ಳುವಿಕೆ ಬಹಳ ಕಡಿಮೆ. ಆಸ್ಟ್ರಿಯಾದ ಹಾಸ್ಯ ಕಲಾವಿದ ಲೇಯೋ ಲೂಕಾಸ್ ವಿಯೆನ್ನಾ ನಗರವನ್ನಿಟ್ಟುಕೊಂಡು ಒಂದು ಕಾದಂಬರಿ ಬರೆದರು. ಮುಂದೆ ಕುಬ್ಜರ ಕತೆಗಳಿಂದ ಜರ್ಮನಿಯಾದ್ಯಂತ ಹೆಸರಾದ ಮಾರ್ಕುಸ್ ಹೈಟ್ಸ್ ಕೂಡ ತಮ್ಮ ಆರಂಭದ ವರ್ಷಗಳಲ್ಲಿ ಶ್ಯಾಡೋರನ್ ಕಾದಂಬರಿಗಳನ್ನು ಬರೆದವರೇ. ಅವರು ಹುಟ್ಟಿದ್ದು ಆಟದವರು ವಿಷವಲಯವೆಂದು ಗುರುತಿಸಿದ ಸಾರ್‌ಲಾಂಡಿನಲ್ಲೇ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

2001ರಲ್ಲಿ ಫಾಸಾ ಬಾಗಿಲು ಹಾಕಿತು, ಇಂಗ್ಲಿಷ್ ಕಾದಂಬರಿಗಳ ಸಾಲೂ ನಿಂತಿತು. ಮೂಲವೇ ಬತ್ತಿದ ಮೇಲೆ ಅನುವಾದಕನಿಗೆ ಏನು ಕೆಲಸ? ಜರ್ಮನಿಯಲ್ಲಿ ಮಾತ್ರ ಸ್ವಂತ ಕಾದಂಬರಿಗಳು ಬರುತ್ತಲೇ ಹೋದವು. ಅಷ್ಟೇ ಅಲ್ಲ, ಎರ್ಕ್ರಾಟಿನ ಆ ಪ್ರಕಾಶನದ ಅಮೆರಿಕದ ಶಾಖೆಯೇ ಇಂಗ್ಲಿಷ್ ಪರವಾನಗಿಯನ್ನೂ ಪಡೆದು, 2005ರಲ್ಲಿ ಆಟದ ನಾಲ್ಕನೆಯ ಆವೃತ್ತಿಯನ್ನು ಇಂಗ್ಲಿಷಿನಲ್ಲಿ ಹೊರತಂದಿತು. ಒಂದು ಕಾಲದಲ್ಲಿ ಅನುವಾದಕ್ಕೆ ಅನುಮತಿ ಕೇಳಿದ್ದವರು ಮೂಲದ ಪ್ರಕಾಶಕರಾದರು. ಈಗ ಇಂಗ್ಲಿಷ್ ಪರವಾನಗಿ ಅಮೆರಿಕದ ಕ್ಯಾಟಲಿಸ್ಟ್ ಸಂಸ್ಥೆಯಲ್ಲಿದೆ, ಜರ್ಮನ್ ಪರವಾನಗಿ ಫ್ರಾಂಕ್‌ಫರ್ಟಿನ ಉತ್ತರಕ್ಕಿರುವ ಫ್ರೀಡ್‌ಬೆರ್ಗ್ ಊರಿನ ಪೆಗಾಸುಸ್ ಸಂಸ್ಥೆಯಲ್ಲಿದೆ; ಪದ್ಧತಿ ಬದಲಾಗಿಲ್ಲ. ಇಂಗ್ಲಿಷ್ ಪುಸ್ತಕವನ್ನು ಅನುವಾದಿಸುವಾಗ ಅದರ ತಪ್ಪುಗಳನ್ನು ತಿದ್ದುತ್ತಾರೆ, ಜರ್ಮನಿಗೆ ಸಂಬಂಧಿಸಿದ ಪುಟಗಳನ್ನು ಸೇರಿಸುತ್ತಾರೆ, ನಡುನಡುವೆ ಬರ್ಲಿನ್, ರೈನ್-ರೂರ್ ಎಂದು ಸ್ವತಂತ್ರ ಪುಸ್ತಕಗಳನ್ನೇ ತರುತ್ತಾರೆ. ಜರ್ಮನ್ ಬಲ್ಲ ಆಟಗಾರರಲ್ಲಿ ಮೂಲಕ್ಕಿಂತ ಅನುವಾದವೇ ಹೆಚ್ಚು ಅಚ್ಚುಕಟ್ಟು ಎಂಬ ಮಾತಿದೆ.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಕನ್ನಡದಲ್ಲಿ ಹೊರಗಿನ ಸರಕಿನ ಚರ್ಚೆ ದಶಕಗಳ ಕಾಲ ಡಬ್ಬಿಂಗ್ ಸುತ್ತಲೇ ಗಿರಕಿ ಹೊಡೆಯಿತು. ಕಾಗದದ ಮೇಲೆ ಕಾನೂನಿಲ್ಲದೆಯೂ ಜಾರಿಯಲ್ಲಿದ್ದ ಆ ನಿಷೇಧದ ವಿರುದ್ಧ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು. ಡಬ್ಬಿಂಗ್ ಬಂದರೆ ಕಲಾವಿದರ ಅನ್ನ ಹೋಗುತ್ತದೆ, ನಾಡಿನ ಸಂಸ್ಕೃತಿ ಕೆಡುತ್ತದೆ ಎಂದು ಒಂದು ಪಕ್ಷ. ಜ್ಞಾನವೂ ಮನರಂಜನೆಯೂ ನನ್ನ ನುಡಿಯಲ್ಲೇ ಬೇಕು ಎಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಜರ್ಮನರು ಹೊರದೇಶದ ಚಿತ್ರಗಳನ್ನು ಬಹುಪಾಲು ಡಬ್ ಮಾಡಿಯೇ ನೋಡುತ್ತಾರೆ, ಅದರಿಂದ ಅವರ ಭಾಷೆಯೇನೂ ಬಡವಾಗಿಲ್ಲ. ಆದರೆ ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಒಮ್ಮತದಿಂದಿದ್ದವು: ಹೊರಗಿನದು ಬಂದರೆ ಇದ್ದಂತೆಯೇ ಬರುತ್ತದೆ, ಇಲ್ಲವೇ ಹೆಸರು ಊರು ಬದಲಿಸಿ ರೀಮೇಕ್ ಆಗುತ್ತದೆ. ಮೂಲವನ್ನು ಮೂಲವೆಂದೇ ಒಪ್ಪಿಕೊಂಡು, ಅದರ ಜಗತ್ತಿನೊಳಗೆ ನಮ್ಮದೊಂದು ಜಿಲ್ಲೆಯನ್ನು ಬರೆದು ಸೇರಿಸುವ ದಾರಿಯನ್ನು ಯಾರೂ ಚರ್ಚೆಗೆ ತಂದದ್ದು ನನ್ನ ಕಿವಿಗೆ ಬಿದ್ದಿಲ್ಲ.

ರೂಪಾಂತರವೇನೂ ನಮಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಪ್ರತಾಪರುದ್ರದೇವನಾಗಿಸಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಇಂಗ್ಲಿಷ್ ಪತ್ತೇದಾರಿಯ ಅಚ್ಚಿನಲ್ಲೇ ಮೂಡಿದ್ದರೂ ಕನ್ನಡದ ಓದುಗರಿಗೆ ನಮ್ಮವನೇ ಆದ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನು ಹೇಳಿದ ಬಗೆಯನ್ನು ಅನುವಾದವೆಂದು ಕರೆದು ಮುಗಿಸಲಾಗದು. ಆದರೆ ಇವೆಲ್ಲ ಒಬ್ಬೊಬ್ಬ ಲೇಖಕರ ಸಾಹಸಗಳು. ಮೂಲದವರೊಡನೆ ಒಪ್ಪಂದ ಮಾಡಿಕೊಂಡು, ಹಲವು ಲೇಖಕರನ್ನು ಒಂದೇ ಭೂಪಟದ ಮೇಲೆ ವರ್ಷಗಟ್ಟಲೆ ಕೆಲಸಕ್ಕೆ ಹಚ್ಚಿದ ಪ್ರಕಾಶನ ನಮ್ಮಲ್ಲಿ ನನಗೆ ಕಾಣಿಸಿಲ್ಲ. ಓದುಗರ ಸಂಖ್ಯೆಯ ನೆವ ಹೇಳುವಂತಿಲ್ಲ; 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯಾಗಿ ಹೇಳಿಕೊಂಡವರು ನಾಲ್ಕು ಕೋಟಿ ಮೀರಿದ್ದಾರೆ.

ಸಾಮಗ್ರಿಯ ಕೊರತೆಯಂತೂ ಇಲ್ಲ. ಕಟ್ಟೆನೋಮ್ ಬಗ್ಗೆ ಓದುವಾಗ ನನಗೆ ಕೈಗಾ ನೆನಪಾಗದೆ ಇರಲಿಲ್ಲ. ಫಾಸಾ ತನ್ನ ಆಟವನ್ನು ಬಿಡುಗಡೆ ಮಾಡಿದ 1989ರಲ್ಲೇ, ಎಂಬತ್ತು ದಾಟಿದ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ ಲೋಕಸಭೆ ಚುನಾವಣೆಗೆ ನಿಂತಿದ್ದರು. 1994ರಲ್ಲಿ, ಕಟ್ಟುತ್ತಿರುವಾಗಲೇ, ಅಲ್ಲಿನ ಗುಮ್ಮಟದ ಭಾಗವೊಂದು ಕಳಚಿ ಬಿದ್ದಿತು. ಕಾಳಿ ನದಿಯ ಕಣಿವೆ, ಅದರ ದಟ್ಟ ಕಾಡು, ಸ್ಥಾವರ, ಇವಿಷ್ಟೂ ಜರ್ಮನ್ ಲೇಖಕರ ಕೈಗೆ ಸಿಕ್ಕಿದ್ದರೆ ಹತ್ತು ಕಾದಂಬರಿ ಆಗುತ್ತಿದ್ದವು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸುರಂಗಗಳಿವೆ. ನೊರೆಯುಕ್ಕಿ, ಬೆಂಕಿಯೂ ಹೊತ್ತಿಕೊಂಡ ಬೆಳ್ಳಂದೂರು ಕೆರೆಯಿದೆ, ಅದರ ಸುತ್ತ ಗಾಜಿನ ಕಟ್ಟಡಗಳ ಕಂಪನಿಗಳಿವೆ. ಮಾಟಮಂತ್ರ ಮರಳಿ ಬರುವ ಕತೆಯನ್ನು ತುಳುನಾಡಿನಲ್ಲಿ ಬರೆಯಹೊರಟವರಿಗೆ ಒಂದು ಒಳ್ಳೆಯ ತೊಡಕು ಎದುರಾಗುತ್ತದೆ: ದೈವಗಳ ಮಾತು ಅಲ್ಲಿ ಎಂದೂ ನಿಂತದ್ದಿಲ್ಲವಾದುದರಿಂದ, ಮರಳಿ ಬರುವುದೆಂದರೆ ಏನೆಂದೇ ಹೊಸದಾಗಿ ಯೋಚಿಸಬೇಕಾಗುತ್ತದೆ. ಸಿಯಾಟಲ್ಲಿನ ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಜರ್ಮನ್ ಪದ್ಧತಿಯನ್ನು ತಲೆಯ ಮೇಲೆ ಹೊರುವ ಉದ್ದೇಶ ನನಗಿಲ್ಲ. ಈ ಕಾದಂಬರಿಗಳಲ್ಲಿ ಹಲವು ಅವಸರದ ಬರವಣಿಗೆಗಳು. ಗುಂಡಿನ ಸದ್ದು ಹೆಚ್ಚು, ಮನುಷ್ಯರು ಕಡಿಮೆ. ಅದಕ್ಕಿಂತ ದೊಡ್ಡ ತಕರಾರು ಹಕ್ಕಿನದು. ಆಟದ ಜಗತ್ತು ಅಮೆರಿಕದ ಟಾಪ್ಸ್ ಸಂಸ್ಥೆಯ ಸ್ವತ್ತು, ಕಂಪ್ಯೂಟರ್ ಆಟಗಳ ಹಕ್ಕು ಮೈಕ್ರೋಸಾಫ್ಟಿನದು. ಪರವಾನಗಿ ಪಡೆದವರು ಎಷ್ಟೇ ಬೆಳೆಸಿದರೂ ಹೊಲದ ಪಹಣಿಯಲ್ಲಿ ಅವರ ಹೆಸರಿರುವುದಿಲ್ಲ. 2014ರಲ್ಲಿ ಬಂದ ಡ್ರ್ಯಾಗನ್‌ಫಾಲ್ ಎಂಬ ಕಂಪ್ಯೂಟರ್ ಆಟ ನಡೆಯುವುದು ಆ ಅರಾಜಕ ಬರ್ಲಿನ್ನಿನಲ್ಲೇ. ಅದಕ್ಕೆ ಹಣ ಕೂಡಿಸಿದ ಆಟಗಾರರು ಹಲವು ನಗರಗಳ ನಡುವೆ ಮತ ಹಾಕಿ ಬರ್ಲಿನ್ನನ್ನೇ ಆರಿಸಿದ್ದರು. ಆ ನಗರ ಲೋಕದ ಕಣ್ಣಿಗೆ ಬಿದ್ದದ್ದು ಅಮೆರಿಕದವರ ಕೈಯಿಂದ, ಇಂಗ್ಲಿಷಿನಲ್ಲಿ. ಜರ್ಮನ್ ಕಾದಂಬರಿಗಳಾದರೋ ಬಹುಪಾಲು ಇಂಗ್ಲಿಷಿಗೆ ಬಂದೇ ಇಲ್ಲ. ಹಾಗೆ ನೋಡಿದರೆ 1994ರ ಆ ಒಂದು ಅನುವಾದ ಹೊರತು ಈ ಕೊಡುಕೊಳ್ಳುವಿಕೆಯಲ್ಲಿ ಜರ್ಮನರು ಪಡೆದದ್ದಕ್ಕಿಂತ ಕೊಟ್ಟದ್ದೇ ಹೆಚ್ಚು.

ಆದರೂ ಕನ್ನಡದ ಪ್ರಕಾಶಕರೊಬ್ಬರು ಇಂಥದೊಂದು ಆಟವನ್ನೋ ಕಾಮಿಕ್ಸ್ ಸರಣಿಯನ್ನೋ ತರಲು ಮೂಲದವರೊಡನೆ ಮಾತಿಗೆ ಕೂತರೆ, ಅನುವಾದದ ಹಕ್ಕಿನ ಬೆಲೆ ಚೌಕಾಸಿ ಮಾಡುವ ಮೊದಲು ಎರಡು ಷರತ್ತುಗಳನ್ನು ಮುಂದಿಡಬಹುದು. ಪ್ರತಿ ಪುಸ್ತಕದಲ್ಲೂ ನಮ್ಮ ಲೇಖಕರು ಬರೆದ, ನಮ್ಮ ಸೀಮೆಯ ಅಧ್ಯಾಯವೊಂದಿರಬೇಕು. ಅದನ್ನು ಇಂಗ್ಲಿಷಿಗೆ ತೆಗೆದುಕೊಂಡರೆ ಲೇಖಕರ ಹೆಸರೂ ಸಂಭಾವನೆಯೂ ಜೊತೆಗೆ ಹೋಗಬೇಕು. ಮೊದಲನೆಯದನ್ನು ಒಪ್ಪುತ್ತಾರೆಂಬುದಕ್ಕೆ ಎರ್ಕ್ರಾಟಿನ ಉದಾಹರಣೆಯಿದೆ. ಎರಡನೆಯದಕ್ಕೆ ಹಟ ಹಿಡಿಯಬೇಕಾದೀತು.